ಎಎಫ್‌ಡಿಡಿ ವಿನ್ಯಾಸ: ಜೋಡಿಸುವ ಕೈಗೆ ಸುಲಭವಾಗಲು ಯಾವುದನ್ನು ಆರಿಸಬೇಕು?

"ಸರ್, ಒಂದ್ಸಲ ನೀವೇ ಹಾಕಿ ನೋಡಿ."

ಕಾರ್ಖಾನೆಯ ಜೋಡಣೆ ಲೈನಿನಲ್ಲಿ ಕೂತಿದ್ದ ಹೆಣ್ಣುಮಗಳು ಹೀಗೆ ಹೇಳಿ ನನ್ನ ಕೈಗೆ ಒಂದು ಚಿಕ್ಕ ಡಬ್ಬಿ ಕೊಟ್ಟರು. ಎಎಫ್‌ಡಿಡಿ, ಅಂದರೆ ವಯರಿನಲ್ಲಿ ಹಾರುವ ಕಿಡಿಯನ್ನು ಗುರುತಿಸಿ ಕರೆಂಟು ಕಡಿಯುವ ಸಾಧನದ, 18 ಮಿಲಿಮೀಟರ್ ಅಗಲದ ಡಬ್ಬಿ. ಒಳಗೆ ಕರೆಂಟು ಅಳೆಯುವ, ಉಂಗುರದಂಥ ಎರಡು ಕೋರ್‌ಗಳು. ಎರಡರ ತೂತಿನಲ್ಲೂ ದಪ್ಪ ತಾಮ್ರದ ವಯರು ತೂರಿಸಬೇಕು, ಬಗ್ಗಿಸಬೇಕು, ಗೋಡೆಯ ಪಕ್ಕದ ಸಂದಿಯಲ್ಲಿ ಕೂರಿಸಬೇಕು, ತುದಿಯನ್ನು ಬೆಸುಗೆಯ ಜಾಗಕ್ಕೆ ಹಿಡಿದು ನಿಲ್ಲಿಸಬೇಕು. ಆ ವಯರಿನ ದಾರಿಯನ್ನು ಕಂಪ್ಯೂಟರಿನಲ್ಲಿ ಎಳೆದವನು ನಾನೇ. ಪರದೆಯ ಮೇಲೆ ಅದು ಚೆನ್ನಾಗಿ ಬಾಗಿತ್ತು. ಕೈಯಲ್ಲಿ ಬಾಗಲಿಲ್ಲ. ಒಂದು ಕಡೆ ಕೂರಿಸಿದರೆ ಇನ್ನೊಂದು ಕಡೆ ಎದ್ದು ಬರುತ್ತಿತ್ತು. ಅವರು ದಿನಕ್ಕೆ ನೂರಾರು ಸಲ ಇದನ್ನೇ ಮಾಡುತ್ತಿದ್ದರು. ಹೆಬ್ಬೆರಳಿನ ಉಗುರಿನ ಬುಡ ಕೆಂಪಾಗಿತ್ತು.

ಬೆಂಗಳೂರಿನ ಪೀಣ್ಯದಲ್ಲಿ ಸ್ವಿಚ್‌ಗೇರ್ ವಿನ್ಯಾಸದ ಕೆಲಸ ಮಾಡುವ ನನಗೆ ಆವತ್ತಿನಿಂದ ವಿನ್ಯಾಸ ನೋಡುವ ಕಣ್ಣೇ ಬದಲಾಯಿತು. ಎಎಫ್‌ಡಿಡಿಯನ್ನು ಹೊಸದಾಗಿ ಕೈಗೆತ್ತಿಕೊಂಡಿರುವ ಎಂಜಿನಿಯರುಗಳಿಗೆ ಈ ಹೋಲಿಕೆ ಉಪಯೋಗಕ್ಕೆ ಬರಬಹುದು. ಎಲ್ಲಿ ಯಾವ ಆಯ್ಕೆಗಳಿವೆ, ಯಾವುದನ್ನು ಯಾಕೆ ಆರಿಸಬೇಕು ಎಂದು ನನಗೆ ಅನ್ನಿಸಿದ್ದನ್ನು ನೇರವಾಗಿ ಹೇಳುತ್ತೇನೆ.

ಮೊದಲು, ಒಳಗೆ ಏನಿದೆ

ಗೋಡೆಯೊಳಗಿನ ವಯರು ಮುರಿದಿರುತ್ತದೆ, ಇಲ್ಲವೇ ಸ್ವಿಚ್ಚಿನ ಸ್ಕ್ರೂ ಸಡಿಲವಾಗಿರುತ್ತದೆ. ಆ ಸಣ್ಣ ಅಂತರದಲ್ಲಿ ಕಿಡಿ ಹಾರುತ್ತಾ ಇರುತ್ತದೆ. ಕರೆಂಟು ಮಾತ್ರ ಆ ಸರ್ಕ್ಯೂಟಿನ ಹೀಟರೋ ಇಸ್ತ್ರಿ ಪೆಟ್ಟಿಗೆಯೋ ಎಳೆಯುವಷ್ಟೇ. ಹಾಗಾಗಿ ಮಿತಿ ಮೀರಿದ ಕರೆಂಟಿಗೆ ಮಾತ್ರ ಬೀಳುವ ಎಂಸಿಬಿಗೆ ಗೊತ್ತಾಗುವುದಿಲ್ಲ. ಕರೆಂಟು ಭೂಮಿಗೆ ಸೋರುತ್ತಿಲ್ಲ, ಆದ್ದರಿಂದ ಸೋರಿಕೆ ನೋಡುವ ಆರ್‌ಸಿಸಿಬಿಗೂ ಗೊತ್ತಾಗುವುದಿಲ್ಲ. ಈ ಕಿಡಿಯನ್ನು ಗುರುತಿಸಿ ಸರ್ಕ್ಯೂಟ್ ಕತ್ತರಿಸುವುದು ಎಎಫ್‌ಡಿಡಿಯ ಕೆಲಸ.

ಅಮೆರಿಕದಲ್ಲಿ ಇದೇ ಜಾತಿಯ ಸಾಧನವನ್ನು ಎಎಫ್‌ಸಿಐ ಎನ್ನುತ್ತಾರೆ. ಅಲ್ಲಿನ ಎಲೆಕ್ಟ್ರಿಕಲ್ ಕೋಡ್ 1999ರ ಆವೃತ್ತಿಯಲ್ಲಿ ಮಲಗುವ ಕೋಣೆಯ ಪ್ಲಗ್ ಸರ್ಕ್ಯೂಟಿಗೆ ಇದು ಬೇಕು ಎಂದಿತು. ನಿಯಮ ಜಾರಿಗೆ ಬಂದದ್ದು 2002ರ ಜನವರಿ 1ರಿಂದ. ಯುರೋಪಿನಲ್ಲಿ ಬಳಸುವ ಅಂತರರಾಷ್ಟ್ರೀಯ ಮಾನದಂಡ ಐಇಸಿ 62606 ಬಂದದ್ದು 2013ರಲ್ಲಿ. ಬ್ರಿಟನ್ನಿನ ಬಿಎಸ್ 7671 ನಿಯಮದ 2022ರ ತಿದ್ದುಪಡಿ ಎತ್ತರದ ವಸತಿ ಕಟ್ಟಡ, ವಿದ್ಯಾರ್ಥಿ ವಸತಿ, ಆರೈಕೆ ಮನೆಗಳಂಥ ಕಡೆ ಪ್ಲಗ್ ಸರ್ಕ್ಯೂಟುಗಳಿಗೆ ಇದನ್ನು ಕಡ್ಡಾಯ ಮಾಡಿತು.

ಐಇಸಿ 62606 ಕೇಳುವ ವೇಗ ಹೀಗಿದೆ: 230 ವೋಲ್ಟಿನಲ್ಲಿ ಕಿಡಿಯ ಕರೆಂಟು 2.5 ಆಂಪಿಯರ್ ಇದ್ದರೆ 1 ಸೆಕೆಂಡಿನೊಳಗೆ ಕತ್ತರಿಸಬೇಕು. 32 ಆಂಪಿಯರ್ ಇದ್ದರೆ 0.12 ಸೆಕೆಂಡಿನೊಳಗೆ. ಇದಕ್ಕಾಗಿ ಸಾಧನದೊಳಗೆ ಎರಡು ಬೇರೆ ಬೇರೆ ಲೋಕಗಳನ್ನು ಕೂರಿಸಬೇಕಾಗುತ್ತದೆ. ಒಂದು ಕಡೆ ಹಳೆಯ ಎಂಸಿಬಿಯ ಲೋಕ: ಕಾಂಟ್ಯಾಕ್ಟು, ಸ್ಪ್ರಿಂಗು, ಬಿಸಿಯಾದರೆ ಬಾಗುವ ಬೈಮೆಟಲ್, ಹೆಣೆದ ತಾಮ್ರದ ಬ್ರೇಡ್, ಕಿಡಿ ನಂದಿಸುವ ತಗಡುಗಳು. ಇನ್ನೊಂದು ಕಡೆ ಎಲೆಕ್ಟ್ರಾನಿಕ್ಸ್ ಲೋಕ: ಪಿಸಿಬಿ (ಎಲೆಕ್ಟ್ರಾನಿಕ್ ಬಿಡಿಭಾಗಗಳ ಬೋರ್ಡು), ಸೆನ್ಸರ್, ಮೈಕ್ರೋಕಂಟ್ರೋಲರ್, ಸೊಲೆನಾಯ್ಡನ್ನು (ಕಡ್ಡಿ ತಳ್ಳುವ ವಿದ್ಯುತ್ ಕಾಂತ) ಚಾಲೂ ಮಾಡುವ ಥೈರಿಸ್ಟರ್. ಮೊದಲನೆಯದನ್ನು ವೆಲ್ಡಿಂಗ್, ರಿವೆಟ್‌ಗಳಿಂದ ಕಟ್ಟುತ್ತಾರೆ. ಎರಡನೆಯದನ್ನು ಯಂತ್ರ ಬೆಸುಗೆ ಹಾಕುತ್ತದೆ. ಜೋಡಣೆಯ ಕಷ್ಟ ಜಾಸ್ತಿ ಇರುವುದು ಈ ಎರಡರ ನಡುವಿನ ಗಡಿಯಲ್ಲಿ. ಆ ಗಡಿಯನ್ನು ಎಷ್ಟು ಸಲ ದಾಟುತ್ತೀರಿ, ಹೇಗೆ ದಾಟುತ್ತೀರಿ ಎನ್ನುವುದೇ ಮುಖ್ಯ.

ಆದ್ದರಿಂದ ಕೆಳಗಿನ ಪ್ರತಿಯೊಂದು ಆಯ್ಕೆಯನ್ನೂ ನಾನು ಒಂದೇ ಅಳತೆಗೋಲಿನಿಂದ ಅಳೆದಿದ್ದೇನೆ. ಎರಡು ಭಾಗಗಳನ್ನು ಬೇರೆ ಬೇರೆ ಕಟ್ಟಿ, ಬೇರೆ ಬೇರೆ ಪರೀಕ್ಷೆ ಮಾಡಿ, ಕೊನೆಗೆ ಒಂದೇ ಜಾಗದಲ್ಲಿ ಒಂದೇ ಸಲಕ್ಕೆ ಕೂಡಿಸಲು ಈ ಆಯ್ಕೆ ಬಿಡುತ್ತದೆಯೇ?

ಎಣಿಸಬೇಕಾದದ್ದು ಯಾವುದು

ಜೋಡಣೆಗೆ ಸುಲಭವಾದ ವಿನ್ಯಾಸ ಎಂದರೆ ಜೆಫ್ರಿ ಬೂತ್‌ರಾಯ್ಡ್ ಮತ್ತು ಪೀಟರ್ ಡ್ಯೂಹರ್ಸ್ಟ್ ಅವರ ಹೆಸರು ಬರಲೇಬೇಕು. ಅಮೆರಿಕದ ರೋಡ್ ಐಲೆಂಡ್ ವಿಶ್ವವಿದ್ಯಾಲಯದಲ್ಲಿದ್ದ ಇಬ್ಬರಿಗೂ ಈ ಕೆಲಸಕ್ಕಾಗಿ 1991ರಲ್ಲಿ ಆ ದೇಶದ ರಾಷ್ಟ್ರೀಯ ತಂತ್ರಜ್ಞಾನ ಪದಕ ಸಿಕ್ಕಿತು. ಪ್ರತಿ ಭಾಗಕ್ಕೂ ಮೂರು ಪ್ರಶ್ನೆ ಕೇಳಿ ಎನ್ನುತ್ತಾರೆ ಅವರು. ಉಳಿದ ಭಾಗಗಳಿಗೆ ಹೋಲಿಸಿದರೆ ಇದು ಅಲುಗಾಡಲೇಬೇಕೇ? ಬೇರೆ ವಸ್ತುವಿನದ್ದೇ ಆಗಿರಬೇಕೇ, ಬೇರೆಯಾಗಿಯೇ ಇರಿಸಬೇಕೇ? ಉಳಿದದ್ದನ್ನು ಜೋಡಿಸಲು ಇದು ಬಿಡಿಯಾಗಿಯೇ ಇರಬೇಕೇ? ಮೂರಕ್ಕೂ 'ಇಲ್ಲ' ಎಂದು ಉತ್ತರ ಬಂದರೆ ಆ ಭಾಗವನ್ನು ಪಕ್ಕದ ಭಾಗದ ಜೊತೆ ಸೇರಿಸಿಬಿಡಬಹುದು. ಸುಲಭವಾದ ಒಂದು ಭಾಗ ಕೂರಿಸಲು 3 ಸೆಕೆಂಡು ಸಾಕು ಎಂಬ ಲೆಕ್ಕವನ್ನೂ ಅವರು ಇಟ್ಟಿದ್ದಾರೆ.

ಎಎಫ್‌ಡಿಡಿಗೆ ಈ ಪ್ರಶ್ನೆಗಳನ್ನು ಕೇಳಿ ನೋಡಿ. ಟರ್ಮಿನಲ್‌ನಿಂದ ಬೋರ್ಡಿಗೆ ಹೋಗುವ ವಯರಿನ ತುಂಡು ಅಲುಗಾಡಬೇಕಿಲ್ಲ. ಅದು ತಾಮ್ರ, ಟರ್ಮಿನಲ್ ಕೂಡ ತಾಮ್ರವೇ. ಹಾಗಿದ್ದರೆ ಅದು ಬಿಡಿಯಾಗಿ ಯಾಕಿದೆ? ಹೆಚ್ಚಾಗಿ ಸಿಗುವ ಉತ್ತರ, ವಿನ್ಯಾಸದ ಕೊನೆಯಲ್ಲಿ ಎರಡು ಬಿಂದುಗಳನ್ನು ಸೇರಿಸಲು ಬೇರೆ ದಾರಿ ಕಾಣಲಿಲ್ಲ ಎನ್ನುವುದು.

ಭಾಗಗಳ ಜೊತೆಗೆ ನಾನು ಇನ್ನೆರಡನ್ನು ಎಣಿಸುತ್ತೇನೆ: ಡಬ್ಬಿಯನ್ನು ಎಷ್ಟು ಸಲ ಮಗುಚಿ ಹಾಕಬೇಕು, ಮೆತ್ತಗಿನ ಭಾಗಗಳೆಷ್ಟು. ವಯರು, ಬ್ರೇಡ್ ಇವೆಲ್ಲ ಮೆತ್ತಗಿನ ಭಾಗಗಳು. ಅವುಗಳಿಗೆ ತಮ್ಮದೇ ಆಕಾರವಿಲ್ಲ, ಕೈಯೇ ಆಕಾರ ಕೊಡಬೇಕು. ಯಂತ್ರಕ್ಕಂತೂ ಅವನ್ನು ಹಿಡಿಯುವುದೇ ಕಷ್ಟ. ಒಂದು ಹೆಜ್ಜೆಯಲ್ಲಿ 6 ಸೆಕೆಂಡು ಉಳಿಸಿದರೆ ಸಾವಿರ ಪೀಸಿಗೆ 1 ಗಂಟೆ 40 ನಿಮಿಷ ಉಳಿಯಿತು. ಅದಕ್ಕಿಂತ ದೊಡ್ಡದು ಬೆರಳಿನ ನೋವು ಇಲ್ಲವಾಗುವುದು, ತಪ್ಪು ಕಡಿಮೆಯಾಗುವುದು.

ಸೆನ್ಸರ್: ಇಲ್ಲಿ ನಿಧಾನಿಸಿ

ಇದೊಂದನ್ನು ಸರಿಯಾಗಿ ಆರಿಸಿದರೆ ಉಳಿದ ಅರ್ಧ ಆಯ್ಕೆಗಳು ತಾವಾಗಿಯೇ ಕೂರುತ್ತವೆ. ಕಿಡಿಯ ಗುರುತು ಎರಡು ಕಡೆ ಸಿಗುತ್ತದೆ. ಪ್ರತಿ ಅರ್ಧ ಆವರ್ತದಲ್ಲಿ ಕರೆಂಟು ಸೊನ್ನೆಯ ಹತ್ತಿರ ಬಂದಾಗ ಕಿಡಿ ಆರಿ, ಮತ್ತೆ ಹೊತ್ತಿಕೊಳ್ಳುತ್ತದೆ. ಅಲ್ಲಿ ಅಲೆಯ ಆಕಾರ ಚಪ್ಪಟೆಯಾಗುತ್ತದೆ. ಜೊತೆಗೆ ಕಿಲೋಹರ್ಟ್ಸ್‌ನಿಂದ ಮೆಗಾಹರ್ಟ್ಸ್‌ವರೆಗೆ ಹರಡಿದ ಗದ್ದಲವೂ ಇರುತ್ತದೆ. ಮುಖ್ಯ ಕರೆಂಟನ್ನು ನೋಡಲು ಒಂದು ಸೆನ್ಸರ್, ಗದ್ದಲ ಕೇಳಲು ಇನ್ನೊಂದು ಇರುವುದು ಸಾಮಾನ್ಯ. ಭೂಸೋರಿಕೆ ರಕ್ಷಣೆಯೂ ಅದೇ ಡಬ್ಬಿಯಲ್ಲಿ ಬೇಕೆಂದರೆ ಫೇಸ್, ನ್ಯೂಟ್ರಲ್ ಎರಡೂ ಹಾದುಹೋಗುವ ಮತ್ತೊಂದು ಕೋರ್ ಸೇರುತ್ತದೆ.

ಮೊದಲ ಆಯ್ಕೆ, ಉಂಗುರದ ಕೋರಿನೊಳಗೆ ಮೆತ್ತಗಿನ ವಯರು ಪೋಣಿಸುವುದು. ಇದು ಹಳೆಯ ದಾರಿ. ಡೈ ಖರ್ಚು ಕಡಿಮೆ, ಮಾದರಿ ಬೇಗ ತಯಾರಾಗುತ್ತದೆ. ಆದರೆ ಸೂಜಿಗೆ ದಾರ ಪೋಣಿಸುವ ಕೆಲಸವನ್ನು ಯಂತ್ರ ಒಪ್ಪುವುದಿಲ್ಲ. ಸಾಧನ ಮನೆಗೆ ಹೋದ ಮೇಲೆ ಕಾಣುವ ಇನ್ನೊಂದು ತೊಂದರೆಯೂ ಇದೆ. ಭೂಸೋರಿಕೆಯ ಕೋರಿನಲ್ಲಿ ಫೇಸ್ ಮತ್ತು ನ್ಯೂಟ್ರಲ್ ವಯರುಗಳು ನಡುವಿನಲ್ಲಿ ಸಮನಾಗಿ ಕೂತಿರಬೇಕು. ಒಂದು ಗೋಡೆಗೆ ಒರಗಿದರೆ, ಮೋಟಾರು ಶುರುವಾಗುವಾಗ ಬರುವ ಭಾರೀ ಕರೆಂಟಿಗೆ ಕೋರಿನಲ್ಲಿ ಇಲ್ಲದ ಸೋರಿಕೆ ಕಾಣಿಸುತ್ತದೆ. ಸಾಧನ ಸುಮ್ನೆ ಟ್ರಿಪ್ ಆಗುತ್ತದೆ. ವಯರನ್ನು ಕೈಯಲ್ಲಿ ಕೂರಿಸಿದರೆ ಪ್ರತಿ ಪೀಸಿನಲ್ಲೂ ಜಾಗ ಸ್ವಲ್ಪ ಬದಲಾಗುತ್ತದೆ. ಬೆಳಗಿನ ಮೊದಲ ಪೀಸಿಗೂ ಸಂಜೆಯ ಕೊನೆಯ ಪೀಸಿಗೂ ವ್ಯತ್ಯಾಸವಿರುತ್ತದೆ, ಅಲ್ವಾ? ಅದು ಕೂತವರ ತಪ್ಪಲ್ಲ, ವಿನ್ಯಾಸದ ತಪ್ಪು.

ಎರಡನೆಯದು, ಅದೇ ಕೋರ್, ಆದರೆ ಗಟ್ಟಿ ತಾಮ್ರದ ಪಟ್ಟಿ. ಪಟ್ಟಿಗೆ ತನ್ನದೇ ಆಕಾರವಿದೆ. ಪ್ಲಾಸ್ಟಿಕ್ ಹೋಲ್ಡರಿನಲ್ಲಿ ಕೋರ್‌ಗಳನ್ನು ಮೊದಲೇ ಕೂರಿಸಿ, ಪಟ್ಟಿಯನ್ನು ಮೇಲಿನಿಂದ ನೇರವಾಗಿ ಇಳಿಸಬಹುದು. ಯಾವ ಪೀಸಿನಲ್ಲೂ ಅದರ ಜಾಗ ಬದಲಾಗುವುದಿಲ್ಲ. ಜೋಡಣೆಯೂ ಸುಲಭ, ಟ್ರಿಪ್ಪಿನ ಕಾಟವೂ ಕಡಿಮೆ. ಒಂದು ಎಚ್ಚರಿಕೆ: ಎರಡೂ ತುದಿ ಬಗ್ಗಿಸಿದ ಪಟ್ಟಿ ಮುಚ್ಚಿದ ಉಂಗುರದೊಳಗೆ ಹೋಗುವುದಿಲ್ಲ. ಒಂದು ತುದಿ ನೇರವಾಗಿರಬೇಕು, ತೂರಿಸಿದ ಮೇಲೆ ಅದನ್ನು ಟರ್ಮಿನಲ್‌ಗೆ ವೆಲ್ಡ್ ಮಾಡಬೇಕು. ವೆಲ್ಡಿಂಗಿನ ಎಲೆಕ್ಟ್ರೋಡು ಅಲ್ಲಿಗೆ ತಲುಪುವಷ್ಟು ಜಾಗ ಬಿಟ್ಟಿದ್ದೀರಾ ಎಂದು ಮೊದಲ ದಿನವೇ ನೋಡಿ. ಇದನ್ನು ಕೊನೆಗೆ ನೋಡಿದರೆ ಇಡೀ ಹೌಸಿಂಗನ್ನೇ, ಅಂದರೆ ಹೊರ ಡಬ್ಬಿಯನ್ನೇ, ಬದಲಾಯಿಸಬೇಕಾಗುತ್ತದೆ. ಇನ್ನೊಂದು ಮಾತು, ಭೂಸೋರಿಕೆಯ ಕೋರ್ ತುಂಬ ನಾಜೂಕು. ಒತ್ತಿದರೆ ಅದರ ಕಾಂತ ಗುಣವೇ ಬದಲಾಗುತ್ತದೆ. ಅದಕ್ಕೇ ಅದು ಪ್ಲಾಸ್ಟಿಕ್ ಡಬ್ಬಿಯೊಳಗೆ ಮೆತ್ತನೆಯ ಹಾಸಿನ ಮೇಲೆ ಬರುತ್ತದೆ. ಪಟ್ಟಿ ಕೋರನ್ನು ಒತ್ತುವಂತೆ ವಿನ್ಯಾಸ ಮಾಡಬೇಡಿ.

ಮೂರನೆಯದು ಶಂಟ್, ಅಂದರೆ ಕರೆಂಟು ಅಳೆಯಲು ಅದರ ದಾರಿಯಲ್ಲಿಡುವ ಸಣ್ಣ ರೆಸಿಸ್ಟೆನ್ಸ್. ಎಂಸಿಬಿಯ ಬೈಮೆಟಲ್‌ಗೆ ಹೇಗೂ ರೆಸಿಸ್ಟೆನ್ಸ್ ಇದೆ, ಅದರ ಎರಡು ತುದಿಗಳ ವೋಲ್ಟೇಜನ್ನೇ ಅಳೆದರೆ ಕರೆಂಟು ತಿಳಿಯುತ್ತದೆ. ಹೊಸ ಭಾಗವೇ ಬೇಡ. ಬೂತ್‌ರಾಯ್ಡ್ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಬೈಮೆಟಲ್ ಇರುವುದೇ ಬಿಸಿಯಾಗಲು. ಬಿಸಿಯಾದಂತೆ ರೆಸಿಸ್ಟೆನ್ಸ್ ಬದಲಾಗುತ್ತದೆ, ಅದನ್ನು ಸಾಫ್ಟ್‌ವೇರಿನಲ್ಲಿ ಸರಿಪಡಿಸಬೇಕು. ಅಲುಗಾಡುವ ಬೈಮೆಟಲ್‌ನಿಂದ ಬೋರ್ಡಿಗೆ ಎರಡು ತೆಳು ವಯರುಗಳೂ ಬೇಕು. ಅವು ಬಿಗಿಯಾಗಿದ್ದರೆ ಬೈಮೆಟಲ್‌ನ ಬಾಗುವಿಕೆಯನ್ನೇ ತಡೆಯುತ್ತವೆ. ಹೀಗೆ ಮೆತ್ತಗಿನ ಭಾಗ ಹಿಂಬಾಗಿಲಿನಿಂದ ಮತ್ತೆ ಒಳಗೆ ಬಂತು. ಬೋರ್ಡಿನ ಮೇಲೆ ಬೇರೆ ಶಂಟ್ ಇಡಬಹುದು. ಆಗ ಶಾಖದ ಲೆಕ್ಕ ನೋಡಿಕೊಳ್ಳಿ. 1 ಮಿಲಿಓಮ್ ಶಂಟ್ 16 ಆಂಪಿಯರಿನಲ್ಲಿ ಕಾಲು ವ್ಯಾಟ್ ಬಿಸಿ ಮಾಡುತ್ತದೆ, 32 ಆಂಪಿಯರಿನಲ್ಲಿ ಒಂದು ವ್ಯಾಟ್ ದಾಟುತ್ತದೆ. ಪೂರ್ತಿ ಕರೆಂಟು ಬೋರ್ಡಿನ ಬೆಸುಗೆಯ ಮೂಲಕವೇ ಹರಿಯುತ್ತದೆ ಎನ್ನುವುದು ನನಗೆ ಇಷ್ಟವಾಗದ ಸಂಗತಿ.

ನಾಲ್ಕನೆಯದು, ಪಿಸಿಬಿಯಲ್ಲೇ ಗೆರೆಗಳಾಗಿ ಬರೆದ ರೊಗೊವ್‌ಸ್ಕಿ ಸುರುಳಿ. ಕೋರ್ ಇಲ್ಲ, ಸುತ್ತುವ ಕೆಲಸವಿಲ್ಲ, ಬೋರ್ಡಿನ ಜೊತೆಗೇ ಪುಕ್ಕಟೆ ಬರುತ್ತದೆ. ಕರೆಂಟು ಎಷ್ಟು ವೇಗವಾಗಿ ಬದಲಾಗುತ್ತದೋ ಅಷ್ಟು ಸಿಗ್ನಲ್ ಕೊಡುವುದು ಇದರ ಗುಣ. ಕಿಡಿಯ ಗದ್ದಲ ಕೇಳಲು ಒಳ್ಳೆಯದು, 50 ಹರ್ಟ್ಸ್‌ನ ಮುಖ್ಯ ಕರೆಂಟು ಅಳೆಯಲು ಸಿಗ್ನಲ್ ತುಂಬ ಸಣ್ಣ. ಇದರಲ್ಲಿ ತೊಡಕು ತರುವುದು ಆಕಾರ. ತಂತಿ ಬೋರ್ಡಿನ ತೂತಿನ ಮೂಲಕ ಅಡ್ಡವಾಗಿ ಹಾಯಬೇಕು. 18 ಮಿಲಿಮೀಟರ್ ಡಬ್ಬಿಯಲ್ಲಿ ಬೋರ್ಡು ಅಗಲದ ಗೋಡೆಗೆ ಸಮಾನಾಂತರವಾಗಿ ಮಲಗಿರುತ್ತದೆ, ತಂತಿಯೂ ಅದೇ ದಿಕ್ಕಿನಲ್ಲಿ ಓಡುತ್ತದೆ. ಎರಡೂ ಒಂದನ್ನೊಂದು ದಾಟುವುದೇ ಇಲ್ಲ. ಪಕ್ಕದಲ್ಲಿ ಒಂದು ಸುರುಳಿ ಇಟ್ಟು ಕೆಲಸ ಸಾಗಿಸೋಣವೆಂದರೆ, ಮನೆಯ ವಿತರಣಾ ಬೋರ್ಡಿನ ಸಾಲಿನಲ್ಲಿ ಅಂಟಿಕೊಂಡೇ ಕೂತ ಪಕ್ಕದ ಬ್ರೇಕರಿನ ಕಾಂತಕ್ಷೇತ್ರವೂ ಅದಕ್ಕೆ ಕೇಳಿಸುತ್ತದೆ. ಹೇಗೂ ಒಂದು ಪಟ್ಟಿ ಗಡಿ ದಾಟಿ ಬರುವ ವಿನ್ಯಾಸ ನಿಮ್ಮದಾಗಿದ್ದರೆ ಮಾತ್ರ ಇದು ಚಿನ್ನದಂಥ ಆಯ್ಕೆ.

ನನ್ನ ಆಯ್ಕೆ ಎರಡನೆಯದು. ಬೋರ್ಡಿನ ಮೇಲೆಯೇ ಹೋಲ್ಡರ್ ಸಮೇತ ಬೆಸೆದ ಕೋರ್‌ಗಳು, ಮೇಲಿನಿಂದ ಇಳಿಯುವ ಗಟ್ಟಿ ಪಟ್ಟಿ. ಕೋರ್‌ಗಳ ತೆಳು ತಂತಿಗಳೆಲ್ಲ ಬೋರ್ಡಿನ ಕಡೆಯಲ್ಲೇ ಮುಗಿಯುತ್ತವೆ. ಗಡಿ ದಾಟುವುದು ಪಟ್ಟಿ ಮಾತ್ರ.

ಗಡಿ ದಾಟುವ ಸಂಪರ್ಕ: ಬೆಸುಗೆಯೋ, ಒತ್ತುವ ಪಿನ್ನೋ, ಸ್ಪ್ರಿಂಗೋ

ಬೋರ್ಡಿಗೆ ವಿದ್ಯುತ್ ಬೇಕು, ಸೊಲೆನಾಯ್ಡ್‌ಗೆ ಸಂಪರ್ಕ ಬೇಕು, ಟೆಸ್ಟ್ ಬಟನ್ನಿಗೆ ಬೇಕು. ಇವನ್ನು ಹೇಗೆ ಕೊಡುವುದು?

ವಯರು ಹಾಕಿ ಕೈಯಲ್ಲಿ ಬೆಸುಗೆ ಮಾಡುವುದು ತಿಂಗಳಿಗೆ ಕೆಲವು ನೂರು ಪೀಸು ಮಾಡುವವರಿಗೆ ಸಾಕು. ಆದರೆ ಬೆಸುಗೆಯ ಗುಣ ಆ ದಿನದ ಕೈಯ ಮೇಲೆ, ಬಿಟ್ಟಿನ ತುದಿಯ ಮೇಲೆ, ಬೆಳಕಿನ ಮೇಲೆ ನಿಂತಿದೆ. ತಣ್ಣನೆಯ ಬೆಸುಗೆ ಪರೀಕ್ಷೆಯಲ್ಲಿ ಪಾಸಾಗಿ, ಗೋಡೆಯಲ್ಲಿ ವರ್ಷಗಳ ನಂತರ ಬಿಡಬಹುದು. ಕಿಡಿ ಹಿಡಿಯಬೇಕಾದ ಸಾಧನದ ಒಳಗೇ ಸಡಿಲ ಸಂಪರ್ಕ ಇರಬಾರದು. ಈ ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ.

ಒತ್ತಿ ಕೂರಿಸುವ ಪಿನ್ನು, ಅಂದರೆ ಪ್ರೆಸ್‌ಫಿಟ್, ಬೋರ್ಡಿನ ಲೋಹ ಲೇಪಿತ ತೂತಿಗೆ ಬಿಗಿಯಾಗಿ ಇಳಿಯುತ್ತದೆ. ಶಾಖವಿಲ್ಲ, ಹೊಗೆಯಿಲ್ಲ. ಒಂದು ಪ್ರೆಸ್ಸಿನ ಹೊಡೆತಕ್ಕೆ ಎಲ್ಲ ಸಂಪರ್ಕವೂ ಮುಗಿಯುತ್ತದೆ. ಎಷ್ಟು ಬಲ ಬಿತ್ತು ಎಂದು ಪ್ರೆಸ್ಸೇ ದಾಖಲೆ ಇಡಬಹುದು. ತೂತಿನ ಅಳತೆ ಮಾತ್ರ ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಕರಾರುವಾಕ್ಕಾಗಿರಬೇಕು. ಬೋರ್ಡು ಕೊಡುವವರ ಜೊತೆ ಮೊದಲೇ ಮಾತಾಡಿ. ಪ್ರಮಾಣ ಜಾಸ್ತಿ ಇದ್ದರೆ ಇದನ್ನೇ ಆರಿಸಿ. 'ಒಂದೇ ಜಾಗ, ಒಂದೇ ಸಲ' ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ್ದು ನಾನು ಕಂಡಿಲ್ಲ.

ಸ್ಪ್ರಿಂಗಿನ ಕಾಲು ಬೋರ್ಡಿನ ಪ್ಯಾಡನ್ನು ಒತ್ತಿ ನಿಲ್ಲುವ ಸಂಪರ್ಕ ಜೋಡಣೆಗೆ ಅತಿ ಸುಲಭ. ಟೆಸ್ಟ್ ಬಟನ್ನಿಗೆ ಇದು ಸರಿ: ಬಟನ್ನನ್ನು ಹಿಂದಕ್ಕೆ ತಳ್ಳುವ ಸ್ಪ್ರಿಂಗೇ ತಂತಿಯ ಕೆಲಸವನ್ನೂ ಮಾಡುತ್ತದೆ. ಆದರೆ ಸೆನ್ಸರಿನ ಸಣ್ಣ ಸಿಗ್ನಲ್‌ಗೆ ಬೇಡ. ಅಷ್ಟು ಸಣ್ಣ ವೋಲ್ಟೇಜು ಮೇಲಿನ ಕಿಲುಬನ್ನು ಭೇದಿಸುವುದಿಲ್ಲ, ಚಿನ್ನದ ಲೇಪನ ಹಾಕಬೇಕಾಗುತ್ತದೆ.

ಸ್ಪ್ರಿಂಗ್ ಎಂದಾಗ ಒಂದು ಹಳೆಯ ಘಟನೆ ನೆನಪಾಗುತ್ತದೆ. 1961ರಲ್ಲಿ ಜಪಾನಿನ ಯಮಾಡಾ ಎಲೆಕ್ಟ್ರಿಕ್ ಕಾರ್ಖಾನೆಯಲ್ಲಿ ಒಂದು ಚಿಕ್ಕ ಸ್ವಿಚ್ಚು ಜೋಡಿಸುತ್ತಿದ್ದರು. ಎರಡು ಬಟನ್, ಕೆಳಗೆ ಎರಡು ಸ್ಪ್ರಿಂಗ್. ಆಗಾಗ ಒಂದು ಸ್ಪ್ರಿಂಗ್ ಮರೆತುಹೋಗುತ್ತಿತ್ತು. ಜಪಾನಿನ ಕೈಗಾರಿಕಾ ಎಂಜಿನಿಯರ್ ಶಿಗೆಯೊ ಶಿಂಗೊ ಹೇಳಿದ ಉಪಾಯ ಬಹಳ ಸರಳ: ಮೊದಲು ಎರಡು ಸ್ಪ್ರಿಂಗ್ ತೆಗೆದು ಒಂದು ತಟ್ಟೆಯಲ್ಲಿಡಿ, ಆಮೇಲೆ ಜೋಡಿಸಿ. ತಟ್ಟೆಯಲ್ಲಿ ಒಂದು ಉಳಿದಿದ್ದರೆ ಮರೆತಿದ್ದೀರಿ ಎಂದರ್ಥ. ಇಂದು ಪೋಕಾ-ಯೋಕೆ (ತಪ್ಪೇ ಆಗದಂತೆ ಮಾಡುವುದು) ಎಂದು ಎಲ್ಲ ಕಾರ್ಖಾನೆಗಳ ಗೋಡೆಯ ಮೇಲೆ ಬರೆದಿರುವ ವಿಚಾರ ಬೆಳೆದದ್ದು ಇಂಥದ್ದೇ ಒಂದು ಸ್ವಿಚ್ಚಿನಿಂದ. ನಮ್ಮ ಸಾಧನದಲ್ಲೂ ಸ್ಪ್ರಿಂಗುಗಳೇ ಮೊದಲು ಕಳೆದುಹೋಗುವ ಭಾಗಗಳು. ಒಂದೇ ರೀತಿ ಕಾಣುವ ಆದರೆ ಬಲ ಬೇರೆಯಾದ ಎರಡು ಸ್ಪ್ರಿಂಗುಗಳನ್ನು ಒಂದೇ ಡಬ್ಬಿಯಲ್ಲಿ ಬಳಸಲೇಬೇಡಿ. ಬಳಸಲೇಬೇಕಾದರೆ ಒಂದರ ಉದ್ದವನ್ನೋ ತಿರುವಿನ ದಿಕ್ಕನ್ನೋ ಕಣ್ಣಿಗೆ ಹೊಡೆಯುವಷ್ಟು ಬದಲಿಸಿ.

ಸೊಲೆನಾಯ್ಡ್ ಯಾರ ಮನೆಯಲ್ಲಿ?

ಕಿಡಿ ಗುರುತಾದ ಮೇಲೆ ಟ್ರಿಪ್ ಲಿವರನ್ನು ಹೊಡೆಯುವುದು ಸೊಲೆನಾಯ್ಡ್. ಅದನ್ನು ಮೆಕ್ಯಾನಿಸಂ ಕಡೆ ಇಟ್ಟರೆ ಲಿವರಿಗೆ ಇರುವ ದೂರ ಕರಾರುವಾಕ್ಕಾಗಿರುತ್ತದೆ, ಆದರೆ ಎರಡು ವಯರು ಗಡಿ ದಾಟುತ್ತವೆ. ಬೋರ್ಡಿನ ಮೇಲೆ ಇಟ್ಟರೆ ವಯರು ಇಲ್ಲ, ಆದರೆ ಬೆಸುಗೆಯಲ್ಲಿ ಸ್ವಲ್ಪ ವಾಲಿದರೂ ಕಡ್ಡಿ ಲಿವರಿಗೆ ತಾಗದೆ ಹೋಗಬಹುದು.

ನಾನು ಬೋರ್ಡಿನ ಮೇಲೆಯೇ ಇಡುತ್ತೇನೆ. ಬೆಸುಗೆ ಹಾಕುವಾಗ ಒಂದು ಜಿಗ್‌ನಲ್ಲಿ (ಭಾಗವನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಸಾಧನ) ಸೊಲೆನಾಯ್ಡಿನ ಮೈಯನ್ನೇ ಹಿಡಿದುಕೊಳ್ಳುತ್ತೇನೆ. ಪಿನ್ನಿನ ತೂತುಗಳನ್ನು ಸ್ವಲ್ಪ ದೊಡ್ಡದಾಗಿ ಬಿಡುತ್ತೇನೆ, ಆಗ ಜಾಗ ನಿರ್ಧಾರವಾಗುವುದು ಪಿನ್ನಿನಿಂದಲ್ಲ, ಜಿಗ್‌ನಿಂದ. ಆಮೇಲೆ ಹೌಸಿಂಗಿನಲ್ಲಿ ಅದೇ ಮೈಗೆ ಒಂದು ಗೂಡು. ಬೋರ್ಡನ್ನು ಹೌಸಿಂಗಿಗೆ ಕೂರಿಸುವ ಅಳತೆಯ ಮೂಲವೂ ಅದೇ ಗೂಡು. ಬೋರ್ಡಿನ ಅಂಚಿನಿಂದ ಅಳೆಯಲು ಹೋದರೆ ಅಂಚು ಕತ್ತರಿಸಿದ ವ್ಯತ್ಯಾಸವೆಲ್ಲ ಕಡ್ಡಿಯ ತುದಿಗೆ ಬಂದು ಸೇರುತ್ತದೆ.

ಗೋಡೆ, ಹೊಗೆ, ರಿವೆಟ್

ಎಂಸಿಬಿ ಭಾಗ ಶಾರ್ಟ್ ಸರ್ಕ್ಯೂಟ್ ಕತ್ತರಿಸುವಾಗ ಒಳಗೆ ಬಿಸಿ ಅನಿಲ, ತಾಮ್ರದ ಆವಿ ಹುಟ್ಟುತ್ತದೆ. ಅದು ಬೋರ್ಡಿನ ಮೇಲೆ ಕೂತರೆ ಕರೆಂಟು ಹರಿಯುವ ಕಪ್ಪು ದಾರಿ ಆಗುತ್ತದೆ. ಹಾಗಾಗಿ ನಡುವೆ ಗೋಡೆ ಬೇಕು. ಗೋಡೆಯಲ್ಲಿ ವಯರಿಗಾಗಿ ಬಿಟ್ಟ ಒಂದೊಂದು ತೂತೂ ಹೊಗೆಗೂ ಬಾಗಿಲೇ. ಗಟ್ಟಿ ಪಟ್ಟಿಯ ಇನ್ನೊಂದು ಲಾಭ ಇಲ್ಲಿದೆ: ಪಟ್ಟಿಯ ಸುತ್ತ ಪ್ಲಾಸ್ಟಿಕ್ ಕಾಲರ್ ಅಚ್ಚು ಹಾಕಿದರೆ ತೂತು ತಾನಾಗಿಯೇ ಮುಚ್ಚುತ್ತದೆ.

ಎರಡು ಕಡೆಯಿಂದ ತುಂಬುವ ಡಬ್ಬಿಯಲ್ಲಿ ಗೋಡೆ ನಡುವೆ ಇರುತ್ತದೆ. ಒಂದು ಕಡೆ ಮೆಕ್ಯಾನಿಸಂ ತುಂಬಿ, ಮುಚ್ಚಿ, ಮಗುಚಿ, ಇನ್ನೊಂದು ಕಡೆ ಬೋರ್ಡು ಇಡಬೇಕು. ಎಲ್ಲವನ್ನೂ ಒಂದೇ ಕಡೆಯಿಂದ, ಮೇಲಿನಿಂದ ಕೆಳಕ್ಕೆ ಇಳಿಸುವ ಡಬ್ಬಿ ಜೋಡಣೆಗೆ ಚೆನ್ನ. ಆದರೆ ಮೆಕ್ಯಾನಿಸಂ ಪೂರ್ತಿ ಆದ ಮೇಲೆಯೇ ಬೋರ್ಡಿನ ಸರದಿ, ಮತ್ತು ಮಧ್ಯದಲ್ಲಿ ಪರೀಕ್ಷೆ ಮಾಡಲು ಆಗುವುದಿಲ್ಲ. ನನ್ನ ಒಲವು ಎರಡು ಕಡೆಯದರತ್ತ. ಒಂದು ಸಲ ಮಗುಚುವ ಖರ್ಚು ಕೊಟ್ಟು, ಪರೀಕ್ಷೆ ಮಾಡಿದ ಮೆಕ್ಯಾನಿಸಂ ಪಡೆಯುತ್ತೇವೆ.

ಮುಚ್ಚುವುದಕ್ಕೆ ರಿವೆಟ್ಟೋ, ಚಟಕ್ಕನೆ ಕೂರುವ ಸ್ನ್ಯಾಪ್ ಕೊಂಡಿಯೋ? ಕಿಡಿ ನಂದಿಸುವ ಕೋಣೆಯ ಸುತ್ತ ರಿವೆಟ್ಟೇ. ಶಾರ್ಟ್ ಸರ್ಕ್ಯೂಟಿನ ಒತ್ತಡಕ್ಕೆ ಕೊಂಡಿ ಬಿಚ್ಚಿಕೊಳ್ಳುತ್ತದೆ. ಎಲೆಕ್ಟ್ರಾನಿಕ್ಸ್ ಕಡೆಯ ಮುಚ್ಚಳಕ್ಕೆ ಕೊಂಡಿ ಸಾಕು, ಬಳಕೆದಾರರು ತೆಗೆಯಲು ಬಾರದಂತೆ ಇರಬೇಕಷ್ಟೆ. ಡಿಎಂಸಿಯಂಥ ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಕೊಂಡಿ ಮುರಿಯುತ್ತದೆ, ನೈಲಾನ್‌ನಲ್ಲಿ ಬಾಗುತ್ತದೆ. ನೈಲಾನ್ ಕೂಡ ಅಚ್ಚಿನಿಂದ ಬಂದ ಕೂಡಲೇ ಒಣಗಿದ್ದು ಪೆಡಸಾಗಿರುತ್ತದೆ. ಗಾಳಿಯ ತೇವ ಕುಡಿದ ಮೇಲೆ ಮೆದುವಾಗುತ್ತದೆ. ಬೇಸಿಗೆಯಲ್ಲಿ ಕೊಂಡಿ ಮುರಿಯುತ್ತಿದೆ, ಮಳೆಗಾಲದಲ್ಲಿ ಇಲ್ಲ ಎಂದು ಲೈನಿನವರು ಹೇಳಿದರೆ ನಂಬಿ, ಕಾರಣ ಇದೇ ಇರಬಹುದು.

ಒಂದು ಮಾಡ್ಯೂಲೋ, ಎರಡೋ

ಒಂದು ಮಾಡ್ಯೂಲ್ ಅಂದರೆ 18 ಮಿಲಿಮೀಟರ್ ಅಗಲ, ಎರಡು ಅಂದರೆ 36. ಹಳೆಯ ಮನೆಯ ಬೋರ್ಡಿನಲ್ಲಿ ಎಂಸಿಬಿ ತೆಗೆದು ಅದೇ ಜಾಗದಲ್ಲಿ ಹಾಕಬೇಕೆಂದರೆ 18 ಬೇಕು. ಆದರೆ ಮೇಲೆ ಹೇಳಿದ ಕಷ್ಟಗಳೆಲ್ಲ 18ರಲ್ಲಿ ಎರಡು ಪಟ್ಟು. ಮೊದಲ ಉತ್ಪನ್ನ ಮಾಡುವವರಿಗೆ ನನ್ನ ಸಲಹೆ 36. ಈಗಾಗಲೇ ನಿಮ್ಮ ಲೈನಿನಲ್ಲಿ ಓಡುತ್ತಿರುವ ಎಂಸಿಬಿಯನ್ನು ಹಾಗೆಯೇ ಇಟ್ಟುಕೊಂಡು, ಪಕ್ಕಕ್ಕೆ ಎಲೆಕ್ಟ್ರಾನಿಕ್ಸ್ ಡಬ್ಬಿ ಸೇರಿಸಿ. ಜನರಿಗೆ ಅರ್ಧ ಕೆಲಸ ಆಗಲೇ ಬರುತ್ತದೆ. ಆ ಕೂಡಿಕೆಯನ್ನು ಕಾರ್ಖಾನೆಯಲ್ಲೇ ಮಾಡಿ ಕಳಿಸಿ, ಎಲೆಕ್ಟ್ರಿಷಿಯನ್ ಕೈಗೆ ಬಿಡಬೇಡಿ.

ಎಲೆಕ್ಟ್ರಿಷಿಯನ್ ಕೂಡ ಜೋಡಿಸುವವರೇ, ಲೈನಿನ ಕೊನೆಯ ಕೈ ಅವರದ್ದು. ಅಮೆರಿಕದ ಎಎಫ್‌ಸಿಐಗಳಲ್ಲಿ ಬಿಳಿಯ ನ್ಯೂಟ್ರಲ್ ವಯರೊಂದು ಬಾಲದಂತೆ ಹೊರಗೆ ಬರುತ್ತಿತ್ತು. ಕಾರ್ಖಾನೆಯಲ್ಲಿ ಅದನ್ನು ಬೆಸೆದು, ಸುತ್ತಿ, ಪೊಟ್ಟಣ ಕಟ್ಟಬೇಕು. ಮನೆಯಲ್ಲಿ ಅದನ್ನು ಬಿಚ್ಚಿ, ನ್ಯೂಟ್ರಲ್ ಪಟ್ಟಿಗೆ ಸ್ಕ್ರೂ ಹಾಕಬೇಕು. ಇಪ್ಪತ್ತು ಸರ್ಕ್ಯೂಟ್ ಇದ್ದರೆ ಬೋರ್ಡಿನ ತುಂಬ ಬಾಲಗಳು. ಆಮೇಲೆ ನ್ಯೂಟ್ರಲ್ ಪಟ್ಟಿಗೆ ನೇರವಾಗಿ ಚುಚ್ಚಿ ಕೂರುವ ವಿನ್ಯಾಸ ಬಂತು, ಬಾಲ ಹೋಯಿತು. ಒಂದು ಕ್ಲಿಪ್ಪು ಕಾರ್ಖಾನೆಯ ಕೆಲಸವನ್ನೂ ಮನೆಯ ಕೆಲಸವನ್ನೂ ಕಡಿಮೆ ಮಾಡಿತು. ನಿಮ್ಮ ಮಾರುಕಟ್ಟೆಯ ಬೋರ್ಡು ಅದಕ್ಕೆ ಒಪ್ಪಿದರೆ ಬಾಲದ ವಿನ್ಯಾಸದ ಕಡೆ ತಿರುಗಿಯೂ ನೋಡಬೇಡಿ.

ಪರೀಕ್ಷೆಯೂ ಜೋಡಣೆಯ ಹೆಜ್ಜೆಯೇ

ಇದನ್ನು ಮರೆತು ವಿನ್ಯಾಸ ಮಾಡಿದವರು ಆಮೇಲೆ ಬಹಳ ಪರದಾಡುತ್ತಾರೆ. ಫೇಸ್ ಮತ್ತು ನ್ಯೂಟ್ರಲ್ ನಡುವೆ ಭಾರೀ ವೋಲ್ಟೇಜು ಹಾಕಿ ಇನ್ಸುಲೇಶನ್ ಪರೀಕ್ಷೆ ಮಾಡಬೇಕು. ಆದರೆ ಬೋರ್ಡು ಸೇರಿಸಿದ ಮೇಲೆ ಆ ಎರಡರ ನಡುವೆ ವೇರಿಸ್ಟರ್ ಕೂತಿರುತ್ತದೆ. ವೋಲ್ಟೇಜು ಏರಿದ ಕೂಡಲೇ ಅದು ಕರೆಂಟು ಬಿಡುತ್ತದೆ, ಅದರ ಕೆಲಸವೇ ಅದು. ಹಾಗಾಗಿ ಈ ಪರೀಕ್ಷೆ ಬೋರ್ಡು ಸೇರುವ ಮೊದಲೇ ಮುಗಿಯಬೇಕು. ಕೊನೆಯಲ್ಲಿ ಒಂದೇ ಸಲ ಕೂಡಿಸುವ ವಿನ್ಯಾಸದಲ್ಲಿ ಇದು ಸಹಜವಾಗಿ ಆಗುತ್ತದೆ. ವಯರುಗಳು ಮೊದಲಿನಿಂದಲೇ ಹೆಣೆದುಕೊಂಡಿರುವ ವಿನ್ಯಾಸದಲ್ಲಿ ಆಗುವುದೇ ಇಲ್ಲ.

ಬೈಮೆಟಲ್ ಹೊಂದಿಸುವುದೂ ಹಾಗೆಯೇ. ನಿಗದಿತ ಕರೆಂಟಿನ 1.13 ಪಟ್ಟು ಹರಿದರೆ ಒಂದು ಗಂಟೆ ಟ್ರಿಪ್ ಆಗಬಾರದು, 1.45 ಪಟ್ಟು ಹರಿದರೆ ಒಂದು ಗಂಟೆಯೊಳಗೆ ಆಗಬೇಕು. ಇದಕ್ಕಾಗಿ ತಿರುಗಿಸುವ ಸ್ಕ್ರೂ ಹೌಸಿಂಗ್ ಮುಚ್ಚಿದ ಮೇಲೂ ಕೈಗೆ ಸಿಗಬೇಕು, ಆಮೇಲೆ ಮುದ್ರೆ ಹಾಕಬೇಕು. ಬೋರ್ಡು ಆ ತೂತಿಗೆ ಅಡ್ಡ ಬರಬಾರದು.

ಸಾಫ್ಟ್‌ವೇರ್ ತುಂಬುವುದು, ಬಿಡಿಯಾಗಿ ಕತ್ತರಿಸುವ ಮೊದಲು, ಬೋರ್ಡುಗಳೆಲ್ಲ ಒಂದೇ ಹಲಗೆಯಲ್ಲಿ ಇರುವಾಗಲೇ ಆಗಲಿ. ಆದರೆ ಸೆನ್ಸರಿನ ಅಳತೆ ಸರಿಪಡಿಸಲು ಪಟ್ಟಿ ಕೂತ ಮೇಲೆ ಇನ್ನೊಂದು ಸಲ ಬೋರ್ಡಿನ ಜೊತೆ ಮಾತಾಡಬೇಕು. ಅದಕ್ಕೆ ಮುಚ್ಚಳದಲ್ಲಿ ಒಂದು ಸಣ್ಣ ಸೀಳು ಬಿಡಿ. ಸ್ಪ್ರಿಂಗ್ ಪಿನ್ನುಗಳು ಅದರ ಮೂಲಕ ಒಳಗೆ ಹೋಗಿ ಪ್ಯಾಡು ಮುಟ್ಟಲಿ. ಮೇಲೆ ಹೇಗೂ ಲೇಬಲ್ ಅಂಟಿಸುತ್ತೀರಿ, ಅದೇ ಮುಚ್ಚುತ್ತದೆ. ಲೇಬಲ್ ಕಿತ್ತುಹೋದರೂ ಬೆರಳಿಗೆ ಕರೆಂಟು ತಾಗದಷ್ಟು ಸೀಳು ಕಿರಿದಾಗಿರಬೇಕು.

ಪ್ರತಿ ಪೀಸಿಗೂ ನಿಜವಾದ ಕಿಡಿ ಹಾರಿಸಿ ನೋಡಲು ಸಾಧ್ಯವಿಲ್ಲ. ಸುಟ್ಟ ಕೇಬಲ್ ತುಂಡು, ತಾಮ್ರ ಮತ್ತು ಇಂಗಾಲದ ಕಡ್ಡಿಗಳ ಕಿಡಿಯಂತ್ರ, ಇವೆಲ್ಲ ನಿಧಾನದ ಕೆಲಸ. ಲೈನಿನಲ್ಲಿ ಮೊದಲೇ ದಾಖಲಿಸಿದ ಕಿಡಿಯ ಅಲೆಯನ್ನು ಪಟ್ಟಿಯ ಮೂಲಕ ಹರಿಸಿ, ಸೊಲೆನಾಯ್ಡ್ ನಿಜವಾಗಿ ಲಿವರನ್ನು ಹೊಡೆಯಿತೇ ಎಂದು ನೋಡಬೇಕು. ಪ್ರತಿ ಬ್ಯಾಚಿನಿಂದ ಕೆಲವನ್ನು ತೆಗೆದು ನಿಜವಾದ ಕಿಡಿಗೆ ಒಡ್ಡಬೇಕು. ಸಾಧನದ ಸ್ವಯಂ ಪರೀಕ್ಷೆಯ ದೀಪ ಹಸಿರಾಗಿದೆ ಎಂದು ಸುಮ್ನೆ ಡಬ್ಬಕ್ಕೆ ಹಾಕಬೇಡಿ. ಆ ದೀಪ ಪಟ್ಟಿಯ ವೆಲ್ಡಿಂಗ್ ನೋಡುವುದಿಲ್ಲ.

ನಿಮ್ಮ ಪ್ರಮಾಣಕ್ಕೆ ಯಾವುದು

ತಿಂಗಳಿಗೆ ಕೆಲವು ನೂರು ಮಾಡುವ ಸಣ್ಣ ಘಟಕವಾದರೆ: 36 ಮಿಲಿಮೀಟರ್, ಹೊರಗಿನಿಂದ ತಂದ ಎಂಸಿಬಿ, ಕೋರಿನಲ್ಲಿ ಗಟ್ಟಿ ಪಟ್ಟಿ, ಜಿಗ್ ಹಿಡಿದ ಕೈ ಬೆಸುಗೆ, ಸ್ಕ್ರೂ ಅಥವಾ ರಿವೆಟ್. ಪಟ್ಟಿಗೆ ಡೈ ಮಾಡಿಸುವ ದುಡ್ಡು ಇಲ್ಲದಿದ್ದರೆ ಲೇಸರ್ ಕತ್ತರಿಸಿ, ಬಗ್ಗಿಸಿ ಕೊಡುವವರು ಪೀಣ್ಯದಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಅಲ್ಲಿ ಮಾತ್ರ ವಯರಿಗೆ ಇಳಿಯಬೇಡಿ.

ಸಾವಿರಗಳ ಲೆಕ್ಕವಾದರೆ ಎರಡು ಕಡೆಯಿಂದ ತುಂಬುವ ಡಬ್ಬಿ, ಪ್ರೆಸ್‌ಫಿಟ್ ಪಿನ್ನುಗಳು, ಬೋರ್ಡಿನ ಮೇಲೆ ಸೊಲೆನಾಯ್ಡ್. ಮನುಷ್ಯರ ಕೈಯೂ ಇರಲಿ, ಪ್ರೆಸ್ಸೂ ಇರಲಿ. 18ಕ್ಕೆ ಹೋಗುವುದಾದರೆ ಈ ಹಂತದಲ್ಲಿ ಹೋಗಿ. ಪೂರ್ತಿ ಯಂತ್ರದ ಲೈನು ಹಾಕುವವರು ಒಂದೇ ಒಂದು ಮೆತ್ತಗಿನ ಭಾಗವನ್ನೂ ಗಡಿಯಲ್ಲಿ ಉಳಿಸಿಕೊಳ್ಳಬಾರದು. ಕಾಂಟ್ಯಾಕ್ಟಿನ ಬ್ರೇಡ್ ಅಲುಗಾಡಲೇಬೇಕು, ಅದು ಇರಲಿ. ಆದರೆ ಅದನ್ನು ಎರಡೂ ತುದಿ ವೆಲ್ಡ್ ಮಾಡಿದ ಸಿದ್ಧ ತುಂಡಾಗಿ ಲೈನಿಗೆ ತನ್ನಿ.

ನಮ್ಮ ಆ ಹಳೆಯ ಡಬ್ಬಿಯ ಕತೆ ಹೇಳಿಬಿಡುತ್ತೇನೆ. ವಯರು ತೆಗೆದು ಪಟ್ಟಿ ಹಾಕಿದೆವು. ಅದಕ್ಕಾಗಿ ಒಂದು ಕೋರನ್ನು ನಾಲ್ಕು ಮಿಲಿಮೀಟರ್ ಸರಿಸಬೇಕಾಯಿತು, ಬೋರ್ಡು ಮತ್ತೆ ಬರೆಯಬೇಕಾಯಿತು. ಮೊದಲ ಮಾದರಿ ಬಂದ ದಿನ ಅದನ್ನು ನೇರ ಲೈನಿಗೆ ತೆಗೆದುಕೊಂಡು ಹೋಗಿ ಆ ಹೆಣ್ಣುಮಗಳ ಕೈಗೇ ಕೊಟ್ಟೆ. ಪಟ್ಟಿ ಹಿಡಿದರು, ಇಳಿಸಿದರು, ಕೂತಿತು. ಡಬ್ಬಿಯನ್ನು ತಲೆಕೆಳಗು ಮಾಡಿ ಅಲ್ಲಾಡಿಸಿ ನೋಡಿದರು. ಬೀಳಲಿಲ್ಲ. "ಇನ್ನೊಂದು ಕೊಡಿ ಸರ್" ಎಂದರು.